ಎಂಜಿನಿಯರಿಂಗ್ ಮುಗಿಸಿ ಸೇನೆಗೆ: ಯೋಚನೆ ಐದನೇ ಸೆಮಿಸ್ಟರ್‌ನಲ್ಲೇ ಶುರುವಾಗಲಿ

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಓದಿದ ಮಗನೋ ಮಗಳೋ ಸೇನೆಗೆ ಸೇರುತ್ತೇನೆ ಎಂದ ಕೂಡಲೇ ನಮ್ಮ ಮನೆಗಳಲ್ಲಿ ಏಳುವ ಮೊದಲ ಪ್ರಶ್ನೆ ‘ಅದಕ್ಕೆ ಇಷ್ಟು ಖರ್ಚು ಮಾಡಿ ಬಿ.ಇ. ಯಾಕೆ ಓದಿಸಬೇಕಿತ್ತು?’ ಎಂಬುದು. ಮೆಕ್ಯಾನಿಕಲ್ ವಿಭಾಗದಲ್ಲಿ ಬಹಳ ಕಾಲ ಪಾಠ ಮಾಡಿ, ನಡುವೆ ಕೆಲವು ವರ್ಷ ಪ್ಲೇಸ್‌ಮೆಂಟ್ ವಿಭಾಗದ ಹೊಣೆಯನ್ನೂ ಹೊತ್ತಿದ್ದ ನಾನು ಈ ಪ್ರಶ್ನೆಯನ್ನು ಪೋಷಕರ ಬಾಯಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಕೇಳುವವರಲ್ಲಿ ಹೆಚ್ಚಿನವರಿಗೆ ಸೇನೆಯಲ್ಲಿ ಎಂಜಿನಿಯರಿಂಗ್ ಪದವೀಧರರಿಗೆಂದೇ ಪ್ರತ್ಯೇಕ ನೇಮಕಾತಿಗಳಿವೆ ಎಂಬುದು ತಿಳಿದಿರುವುದಿಲ್ಲ. ತಿಳಿದಿರುವ ವಿದ್ಯಾರ್ಥಿಗಳಲ್ಲೂ ಅನೇಕರು ಕ್ಯಾಂಪಸ್ ಸಂದರ್ಶನಗಳಲ್ಲಿ ಎಲ್ಲಿಯೂ ಆಯ್ಕೆಯಾಗದೆ ಎಂಟನೇ ಸೆಮಿಸ್ಟರ್ ಮುಗಿಯುತ್ತಾ ಬಂದಾಗ ಅತ್ತ ತಿರುಗುತ್ತಾರೆ, ಆ ಹೊತ್ತಿಗೆ ಅವರ ಕೈಯಲ್ಲಿದ್ದ ಅವಕಾಶದ ದೊಡ್ಡ ಪಾಲು ಜಾರಿಹೋಗಿರುತ್ತದೆ. ಈ ತೀರ್ಮಾನವನ್ನು ಮೂರನೇ ವರ್ಷದಲ್ಲೇ, ಸರಿಯಾದ ಮಾಹಿತಿ ಇಟ್ಟುಕೊಂಡು, ಮನೆಯವರೊಂದಿಗೆ ಕೂತು ಯೋಚಿಸಬೇಕು ಮತ್ತು ಆ ಮಾಹಿತಿಯನ್ನು ಒದಗಿಸುವ ಹೊಣೆ ಕಾಲೇಜುಗಳದು ಎಂದು ಹೇಳುವುದಕ್ಕಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಒಂದು ಗೊಂದಲ ಪರಿಹಾರವಾಗಬೇಕು. 2022ರಲ್ಲಿ ಅಗ್ನಿಪಥ ಯೋಜನೆ ಬಂದ ಮೇಲೆ ‘ಸೇನೆ ಎಂದರೆ ನಾಲ್ಕು ವರ್ಷ, ಆಮೇಲೆ ಮನೆಗೆ’ ಎಂಬ ಮಾತು ಊರೂರಿನಲ್ಲೂ ಹಬ್ಬಿದೆ. ಆ ಯೋಜನೆ ಇರುವುದು ಸೈನಿಕರ ಹಂತದ ನೇಮಕಾತಿಗೆ. ಪದವೀಧರರು ಅಧಿಕಾರಿಗಳಾಗಿ ಸೇರುವ ದಾರಿಗೂ ಅದಕ್ಕೂ ಸಂಬಂಧವಿಲ್ಲ. ಭೂಸೇನೆಯಲ್ಲಿ ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸ್ ಎಂಬ ನೇಮಕಾತಿ ಇದೆ. ಇದಕ್ಕೆ ಲಿಖಿತ ಪರೀಕ್ಷೆ ಇಲ್ಲ. ಅಂಕಗಳ ಆಧಾರದ ಮೇಲೆ ಪಟ್ಟಿ ಮಾಡಿ, ಸರ್ವಿಸ್ ಸೆಲೆಕ್ಷನ್ ಬೋರ್ಡ್ ಅಂದರೆ ಎಸ್‌ಎಸ್‌ಬಿ ಸಂದರ್ಶನಕ್ಕೆ ಕರೆಯುತ್ತಾರೆ, ಆಯ್ಕೆಯಾದವರಿಗೆ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯಲ್ಲಿ ತರಬೇತಿ ಕೊಟ್ಟು ಪರ್ಮನೆಂಟ್ ಕಮಿಷನ್ ಅಂದರೆ ನಿವೃತ್ತಿಯವರೆಗಿನ ಅಧಿಕಾರಿ ಹುದ್ದೆ ನೀಡುತ್ತಾರೆ. ಇದು ಅವಿವಾಹಿತ ಪುರುಷರಿಗೆ ಮಾತ್ರ. ಶಾರ್ಟ್ ಸರ್ವಿಸ್ ಕಮಿಷನ್ ಅಂದರೆ ನಿಗದಿತ ವರ್ಷಗಳ ಸೇವೆಯ ತಾಂತ್ರಿಕ ನೇಮಕಾತಿ ಯುವಕ ಯುವತಿಯರಿಬ್ಬರಿಗೂ ಇದೆ. ಎರಡಕ್ಕೂ ವಯೋಮಿತಿ 20ರಿಂದ 27 ವರ್ಷ. ವಾಯುಪಡೆಯ ತಾಂತ್ರಿಕ ಶಾಖೆಗೆ ಎಎಫ್‌ಕ್ಯಾಟ್ ಪರೀಕ್ಷೆ ಬರೆಯಬೇಕು. ಆ ಶಾಖೆಯ ಅಧಿಕಾರಿಗಳು ತಯಾರಾಗುವ ಏರ್‌ಫೋರ್ಸ್ ಟೆಕ್ನಿಕಲ್ ಕಾಲೇಜು ನಮ್ಮ ಬೆಂಗಳೂರಿನ ಜಾಲಹಳ್ಳಿಯಲ್ಲೇ ಇದೆ. ನೌಕಾಪಡೆಯ ಅಕಾಡೆಮಿ ಇರುವ ಕೇರಳದ ಎಳಿಮಲ ಮಂಗಳೂರಿನವರಿಗೆ ದೂರದ ಊರೇನಲ್ಲ.

ಮೂರನೇ ವರ್ಷದಲ್ಲೇ ಯೋಚಿಸಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಭೂಸೇನೆಯ ತಾಂತ್ರಿಕ ನೇಮಕಾತಿಯಲ್ಲಿ ಕೊನೆಯ ವರ್ಷದ ವಿದ್ಯಾರ್ಥಿಗಳನ್ನು ಸಂದರ್ಶನಕ್ಕೆ ಕರೆಯಬೇಕೋ ಬೇಡವೋ ಎಂಬುದು ಆರನೇ ಸೆಮಿಸ್ಟರ್‌ವರೆಗಿನ ಒಟ್ಟು ಅಂಕಗಳ ಮೇಲೆ ನಿಂತಿದೆ. ಎಂಜಿನಿಯರಿಂಗ್ ಶಾಖೆಗೊಂದು ಕಟ್ ಆಫ್ ಇರುತ್ತದೆ. ಎಂಟನೇ ಸೆಮಿಸ್ಟರ್‌ನಲ್ಲಿ ಎಚ್ಚೆತ್ತು ಎಷ್ಟು ಚೆನ್ನಾಗಿ ಬರೆದರೂ ಆ ಲೆಕ್ಕ ಬದಲಾಗುವುದಿಲ್ಲ. ಅಧಿಸೂಚನೆಯಲ್ಲಿ ಯಾವ ಯಾವ ಎಂಜಿನಿಯರಿಂಗ್ ಶಾಖೆಗಳನ್ನು ಒಪ್ಪುತ್ತಾರೆ, ಅವುಗಳಿಗೆ ಸಮಾನವೆಂದು ಯಾವುದನ್ನು ಪರಿಗಣಿಸುತ್ತಾರೆ ಎಂಬ ಪಟ್ಟಿ ಇರುತ್ತದೆ. ಪಟ್ಟಿಯಲ್ಲಿರುವ ಹೆಸರಿಗೂ ಅಂಕಪಟ್ಟಿಯಲ್ಲಿರುವ ಹೆಸರಿಗೂ ತಾಳೆಯಾಗದಿದ್ದರೆ ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ವರ್ಷಕ್ಕೊಂದು ಹೊಸ ಹೆಸರಿನ ಕೋರ್ಸ್ ಆರಂಭಿಸುವ ಕಾಲೇಜುಗಳು ಪ್ರವೇಶದ ದಿನವೇ ಈ ವಿಷಯ ತಿಳಿಸಬೇಕು, ಆದರೆ ಯಾರೂ ತಿಳಿಸುವುದಿಲ್ಲ. ವೈದ್ಯಕೀಯ ಪರೀಕ್ಷೆಯದೂ ಇದೇ ಕಥೆ. ಐದು ದಿನದ ಆಯ್ಕೆ ಪ್ರಕ್ರಿಯೆಯಲ್ಲಿ ಗೆದ್ದ ಹುಡುಗನಿಗೆ ತನ್ನ ಪಾದ ಚಪ್ಪಟೆಯಾಗಿದೆ, ಮೂಗಿನ ನಡುವಿನ ಗೋಡೆ ವಾಲಿದೆ, ಬಣ್ಣಗಳ ಗುರುತಿಸುವಿಕೆಯಲ್ಲಿ ದೋಷವಿದೆ ಎಂಬುದು ಮಿಲಿಟರಿ ಆಸ್ಪತ್ರೆಯಲ್ಲಿ ಮೊದಲ ಬಾರಿಗೆ ತಿಳಿದರೆ ಆಗುವ ಆಘಾತ ಸಣ್ಣದಲ್ಲ. ಇವುಗಳಲ್ಲಿ ಕೆಲವಕ್ಕೆ ಚಿಕಿತ್ಸೆ ಇದೆ, ಕೆಲವಕ್ಕೆ ಇಲ್ಲ. ಎರಡು ವರ್ಷ ಮೊದಲೇ ಊರಿನ ವೈದ್ಯರಲ್ಲಿ ತೋರಿಸಿಕೊಂಡಿದ್ದರೆ ಯಾವುದು ಹೇಗೆಂದು ಆಗಲೇ ತಿಳಿಯುತ್ತಿತ್ತು.

ಇನ್ನು ‘ಓದಿದ್ದು ವ್ಯರ್ಥವಾಗುವುದಿಲ್ಲವೇ’ ಎಂಬ ಪ್ರಶ್ನೆ. 2024ರ ಜುಲೈ 30ರ ನಸುಕಿನಲ್ಲಿ ವಯನಾಡಿನಲ್ಲಿ ಗುಡ್ಡ ಕುಸಿದು, ಚೂರಲ್‌ಮಲ ಮತ್ತು ಮುಂಡಕ್ಕೈ ನಡುವಿನ ಸೇತುವೆ ಕೊಚ್ಚಿಹೋದಾಗ ಅಲ್ಲಿಗೆ ಧಾವಿಸಿದ್ದು ಬೆಂಗಳೂರಿನ ಹಲಸೂರಿನಲ್ಲಿ ಕೇಂದ್ರವಿರುವ, ಭೂಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್. 190 ಅಡಿ ಉದ್ದದ, ಉಕ್ಕಿನ ಪ್ಯಾನೆಲ್‌ಗಳನ್ನು ಜೋಡಿಸಿ ಕಟ್ಟುವ ಬೈಲಿ ಸೇತುವೆಯನ್ನು ಅವರು ಜುಲೈ 31ರ ರಾತ್ರಿ ಕಟ್ಟಲು ತೊಡಗಿ ಆಗಸ್ಟ್ 1ರ ಸಂಜೆಗೆ ಮುಗಿಸಿದರು. ಆ ಕೆಲಸದ ಮುಂಚೂಣಿಯಲ್ಲಿದ್ದ ಮೇಜರ್ ಸೀತಾ ಶೆಲ್ಕೆ ಮಹಾರಾಷ್ಟ್ರದ ಹಳ್ಳಿಯೊಂದರಿಂದ ಬಂದ ಮೆಕ್ಯಾನಿಕಲ್ ಎಂಜಿನಿಯರಿಂಗ್ ಪದವೀಧರೆ. ಕೆಸರು, ಮಳೆ, ಉಕ್ಕುವ ಹೊಳೆ, ಭಾರದ ಯಂತ್ರಗಳನ್ನು ಆಚೆ ದಡ ಮುಟ್ಟಿಸಲೇಬೇಕಾದ ತುರ್ತು, ಇವುಗಳ ನಡುವೆ ಪ್ಯಾನೆಲ್ಲಿಗೆ ಪ್ಯಾನೆಲ್ ಜೋಡಿಸಿ ಪಿನ್ ಹೊಡೆಯುತ್ತಾ ಸೇತುವೆಯನ್ನು ಮುಂದಕ್ಕೆ ತಳ್ಳುವಾಗ ಎಂಜಿನಿಯರಿಂಗ್ ಓದು ವ್ಯರ್ಥವಾಯಿತೆಂದು ಯಾರಾದರೂ ಹೇಳಬಲ್ಲರೇ?

ಆದರೆ ಇದರ ಇನ್ನೊಂದು ಮಗ್ಗುಲನ್ನೂ ವಿದ್ಯಾರ್ಥಿಗಳಿಗೆ ಹೇಳಬೇಕು. ಕೋರ್ ಆಫ್ ಎಂಜಿನಿಯರ್ಸ್, ಸಂಪರ್ಕ ವ್ಯವಸ್ಥೆಯ ಸಿಗ್ನಲ್ಸ್, ಯಂತ್ರೋಪಕರಣಗಳನ್ನು ದುರಸ್ತಿ ಮಾಡಿ ನೋಡಿಕೊಳ್ಳುವ ಇಎಂಇ ದಳಗಳಿಗೆ ಸೇರಿದ ಯುವ ಅಧಿಕಾರಿ ಪುಣೆಯಲ್ಲೋ ಮ್ಹೌನಲ್ಲೋ ಸಿಕಂದರಾಬಾದಿನಲ್ಲೋ ತನ್ನ ದಳದ ತಾಂತ್ರಿಕ ತರಬೇತಿ ಪಡೆಯುತ್ತಾನೆ, ಮುಂದೆ ಐಐಟಿಗಳಲ್ಲಿ ಎಂ.ಟೆಕ್. ಮಾಡುವ ಅವಕಾಶವೂ ಇರುತ್ತದೆ ಎಂಬುದು ನಿಜ. ಹಾಗಿದ್ದರೂ ಅವನ ಮೊದಲ ಕೆಲಸ ಜನರನ್ನು ಮುನ್ನಡೆಸುವುದು. ತನಗಿಂತ ಹದಿನೈದು ವರ್ಷ ಹಿರಿಯನಾದ ಸುಬೇದಾರನಿಂದ ಕಲಿಯುತ್ತಲೇ ಅವನಿಗೆ ಆದೇಶ ಕೊಡಬೇಕು. ರಜೆ ಸಿಗದ ಸೈನಿಕನ ಮನೆಯ ತಾಪತ್ರಯ ಕೇಳಬೇಕು. ನೆಲಬಾಂಬ್ ಹುದುಗಿಸಿದ ಜಾಗವನ್ನು ತೆರವು ಮಾಡಲು ತಾನೇ ಮುಂದೆ ಹೆಜ್ಜೆ ಇಡಬೇಕು. ವಿನ್ಯಾಸ, ಸಂಶೋಧನೆ, ಗಣಿತದ ಮಾದರಿ ಇವುಗಳಲ್ಲೇ ಮನಸ್ಸು ನೆಟ್ಟಿರುವ ವಿದ್ಯಾರ್ಥಿಗೆ ಸಮವಸ್ತ್ರಕ್ಕಿಂತ ಡಿಆರ್‌ಡಿಒ, ಎಚ್‌ಎಎಲ್, ಬಿಇಎಲ್‌ನಂಥ ಸಂಸ್ಥೆಗಳೇ ಹೊಂದುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ದೇಶದ ರಕ್ಷಣೆಗೆ ಎಂಜಿನಿಯರ್ ಆಗಿಯೇ ದುಡಿಯಬೇಕೆನ್ನುವವರಿಗೆ ಈ ಬಗೆಯ ಅವಕಾಶ ಬೆಂಗಳೂರಿನಲ್ಲಿರುವಷ್ಟು ದೇಶದ ಬೇರೆ ನಗರಗಳಲ್ಲಿ ಸಿಗುವುದು ಕಷ್ಟ. ‘ಸೇನೆ ಇಷ್ಟ’ ಎಂದು ಬರುವ ಹುಡುಗನನ್ನು ಅಧ್ಯಾಪಕರು ಮೊದಲು ಕೇಳಬೇಕಾದದ್ದು, ಅವನಿಗೆ ಇಷ್ಟವಾಗಿರುವುದು ಯುದ್ಧವಿಮಾನದ ಎಂಜಿನ್ನೋ ಅಥವಾ ಅದನ್ನು ಹಾರಾಟಕ್ಕೆ ಸಜ್ಜುಗೊಳಿಸುವ ನೂರು ಜನರ ತಂಡವನ್ನು ನಡೆಸುವ ಕೆಲಸವೋ ಎಂದು.

ಸಂಬಳದ ವಿಷಯದಲ್ಲಿ ನಮ್ಮ ಪೋಷಕರ ತಿಳಿವಳಿಕೆ ಹಳೆಯದು. ಏಳನೇ ವೇತನ ಆಯೋಗದ ಪ್ರಕಾರ ಲೆಫ್ಟಿನೆಂಟ್‌ನ ಆರಂಭಿಕ ಮೂಲವೇತನ 56,100 ರೂಪಾಯಿ; ಅದರ ಮೇಲೆ ತಿಂಗಳಿಗೆ 15,500 ರೂಪಾಯಿ ಮಿಲಿಟರಿ ಸರ್ವಿಸ್ ಪೇ, ತುಟ್ಟಿಭತ್ಯೆ ಮತ್ತಿತರ ಭತ್ಯೆಗಳು ಸೇರುತ್ತವೆ. ಅಕಾಡೆಮಿಯಲ್ಲಿ ತರಬೇತಿಯಲ್ಲಿರುವಾಗಲೂ 56,100 ರೂಪಾಯಿ ಸ್ಟೈಪೆಂಡ್ ಇದೆ. ಸಾಮೂಹಿಕ ನೇಮಕಾತಿ ಮಾಡಿಕೊಳ್ಳುವ ಸಾಫ್ಟ್‌ವೇರ್ ಕಂಪನಿಗಳು ಹೊಸಬರಿಗೆ ಕೊಡುವುದಕ್ಕಿಂತ ಇದು ಎಷ್ಟೋ ಹೆಚ್ಚು. ಹತ್ತು ವರ್ಷ ಕಳೆದ ಮೇಲೆ ಖಾಸಗಿ ಕ್ಷೇತ್ರದ ಪ್ರತಿಭಾವಂತರು ಇದನ್ನು ದಾಟಿ ಬಹಳ ಮುಂದೆ ಹೋಗಿರುತ್ತಾರೆ, ಅದೂ ಸತ್ಯ. ಕಾಲಾವಧಿಯ ಲೆಕ್ಕದಲ್ಲಿ 13 ವರ್ಷಕ್ಕೆ ಲೆಫ್ಟಿನೆಂಟ್ ಕರ್ನಲ್ ಹುದ್ದೆಯವರೆಗೆ ಬಡ್ತಿ ಸಿಗುತ್ತದೆ; 26 ವರ್ಷದ ಸೇವೆಗೆ ಮೊದಲೇ ಕರ್ನಲ್ ಆಗಬೇಕಾದರೆ ಆಯ್ಕೆ ಮಂಡಳಿಯನ್ನು ದಾಟಬೇಕು, ಅಲ್ಲಿ ಬಹುತೇಕರು ಉಳಿದುಬಿಡುತ್ತಾರೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಯೋಚಿಸಬೇಕಾದದ್ದು ಶಾರ್ಟ್ ಸರ್ವಿಸ್ ವಿಷಯ. ಹತ್ತು ವರ್ಷದ ಸೇವೆ, ಬೇಕಾದರೆ ಇನ್ನು ನಾಲ್ಕು ವರ್ಷ ವಿಸ್ತರಣೆ. ಅಧಿಕಾರಿಗಳಿಗೆ ಸಾಮಾನ್ಯವಾಗಿ ಪಿಂಚಣಿ ಸಿಗುವುದು 20 ವರ್ಷದ ಸೇವೆಗೆ, ಹಾಗಾಗಿ ಹದಿನಾಲ್ಕು ವರ್ಷ ದುಡಿದು ಹೊರಬಂದವರಿಗೆ ಅದಿಲ್ಲ. 24ರ ವಯಸ್ಸಿಗೆ ಸೇರಿದವರು ಮೂವತ್ತನಾಲ್ಕು ಮೂವತ್ತೆಂಟರ ನಡುವೆ, ಮಕ್ಕಳು ಇನ್ನೂ ಶಾಲೆಯಲ್ಲಿರುವಾಗ, ಎರಡನೇ ಉದ್ಯೋಗ ಹುಡುಕಬೇಕು. ಜನರನ್ನು ನಡೆಸಿದ ಅನುಭವಕ್ಕೆ ಉದ್ಯಮಗಳಲ್ಲಿ ಬೆಲೆ ಇದೆ, ರಕ್ಷಣಾ ಸಚಿವಾಲಯದ ಪುನರ್ವಸತಿ ಮಹಾನಿರ್ದೇಶನಾಲಯ ಐಐಎಂಗಳಲ್ಲಿ ಕೋರ್ಸ್‌ಗಳನ್ನೂ ಏರ್ಪಡಿಸುತ್ತದೆ. ಆದರೆ ಇಪ್ಪತ್ತೆರಡರಲ್ಲಿ ಕಲಿತ ಪ್ರೋಗ್ರಾಮಿಂಗ್ ಹಿಡಿದುಕೊಂಡು ಮೂವತ್ತೈದರಲ್ಲಿ ಮತ್ತೆ ಅದೇ ಕ್ಷೇತ್ರಕ್ಕೆ ಮರಳುತ್ತೇನೆಂಬ ನಂಬಿಕೆ ಮಾತ್ರ ಯಾರಿಗೂ ಬೇಡ. ಹೆಣ್ಣುಮಕ್ಕಳ ವಿಷಯದಲ್ಲಿ 2020ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನ ನಂತರ ಶಾರ್ಟ್ ಸರ್ವಿಸ್ ಮೂಲಕ ಬಂದ ಮಹಿಳಾ ಅಧಿಕಾರಿಗಳನ್ನೂ ಪರ್ಮನೆಂಟ್ ಕಮಿಷನ್‌ಗೆ ಪರಿಗಣಿಸಲಾಗುತ್ತಿದೆ. ಟೆಕ್ನಿಕಲ್ ಗ್ರಾಜುಯೇಟ್ ಕೋರ್ಸನ್ನೂ ಅವರಿಗೆ ತೆರೆಯಬೇಕು. ಒಂದೇ ತರಗತಿಯಲ್ಲಿ ಕೂತು ಒಂದೇ ಪರೀಕ್ಷೆ ಬರೆದವರಲ್ಲಿ ಹುಡುಗನಿಗೆ ಮೊದಲ ದಿನದಿಂದಲೇ ಸಿಗುವ ಭದ್ರತೆಗೆ ಹುಡುಗಿ ವರ್ಷಗಟ್ಟಲೆ ಕಾಯಬೇಕೆನ್ನುವುದು ನ್ಯಾಯವಲ್ಲ.

ಕುಟುಂಬದ ಬದುಕಿನ ಬಗ್ಗೆ ತಾಯಂದಿರು ಕೇಳುವ ಪ್ರಶ್ನೆಗಳನ್ನು ಯಾರೂ ಹಗುರವಾಗಿ ಕಾಣಬಾರದು. ಎರಡು ಮೂರು ವರ್ಷಕ್ಕೊಮ್ಮೆ ವರ್ಗಾವಣೆ, ಗಡಿಯಂಥ ಕಡೆಗೆ ಫೀಲ್ಡ್ ಪೋಸ್ಟಿಂಗ್ ಬಂದರೆ ಹೆಂಡತಿ ಮಕ್ಕಳು ಜೊತೆಗಿರುವಂತಿಲ್ಲ, ಕೈಹಿಡಿದವರ ಉದ್ಯೋಗ ಪ್ರತಿ ಸಲವೂ ಕವಲುದಾರಿಗೆ ಬಂದು ನಿಲ್ಲುತ್ತದೆ. ಪ್ರಾಣಾಪಾಯವಂತೂ ಇದ್ದದ್ದೇ. ಕೊಡಗಿನ ಮನೆಗಳಲ್ಲಿ ಇವೆಲ್ಲ ತಲೆಮಾರುಗಳಿಂದ ಗೊತ್ತಿರುವ ಸಂಗತಿ; ಅಲ್ಲಿ ಸೇನೆಗೆ ಹೊರಟ ಮಗನಿಗೆ ಸಲಹೆ ಕೊಡಲು ಮನೆಯಲ್ಲೋ ಪಕ್ಕದ ತೋಟದಲ್ಲೋ ನಿವೃತ್ತ ಅಧಿಕಾರಿಯೊಬ್ಬರು ಇದ್ದೇ ಇರುತ್ತಾರೆ. ಹಾಸನ, ತುಮಕೂರು, ಕೊಪ್ಪಳ, ರಾಯಚೂರಿನ ಮಕ್ಕಳಿಗೆ ಅಂಥವರು ಸಿಗುವುದು ಅಪರೂಪ. ಆ ಕೊರತೆಯನ್ನು ಇಂದು ತುಂಬುತ್ತಿರುವುದು ಯೂಟ್ಯೂಬ್ ವಿಡಿಯೊಗಳು ಮತ್ತು ದುಬಾರಿ ಕೋಚಿಂಗ್ ಕೇಂದ್ರಗಳು.

ಈ ಕೋಚಿಂಗ್ ಬಗ್ಗೆ ಒಂದು ಮಾತು. ಎಸ್‌ಎಸ್‌ಬಿಯ ಮನೋವೈಜ್ಞಾನಿಕ ಪರೀಕ್ಷೆಯಲ್ಲಿ ಒಂದೊಂದು ಚಿತ್ರವನ್ನು 30 ಸೆಕೆಂಡ್ ತೋರಿಸಿ, ನಾಲ್ಕು ನಿಮಿಷದಲ್ಲಿ ಕಥೆ ಬರೆಯಲು ಹೇಳುತ್ತಾರೆ. ಹನ್ನೆರಡನೆಯದು ಖಾಲಿ ಪರದೆ. ಕಥೆ ಪೂರ್ತಿಯಾಗಿ ಅಭ್ಯರ್ಥಿಯದೇ ಆಗಬೇಕು. ಚನ್ನರಾಯಪಟ್ಟಣದ ಕಡೆಯ ನನ್ನ ವಿದ್ಯಾರ್ಥಿಯೊಬ್ಬ ಕೋಚಿಂಗ್ ಕೇಂದ್ರದಲ್ಲಿ ಬಾಯಿಪಾಠ ಮಾಡಿಸಿದ್ದ ಭಯೋತ್ಪಾದಕರನ್ನು ಹಿಡಿಯುವ ಕಥೆಯನ್ನು ಬಿಟ್ಟು, ಬೇಸಿಗೆಯಲ್ಲಿ ಕೊಳವೆಬಾವಿಯ ಮೋಟಾರ್ ಸುಟ್ಟುಹೋದಾಗ ಬೀದಿಯ ನಾಲ್ಕು ಮನೆಯವರು ದುಡ್ಡು ಹೊಂದಿಸಿ, ಪೈಪ್ ಎತ್ತಿ, ವೈಂಡಿಂಗ್ ಮಾಡಿಸಿ ಮತ್ತೆ ಇಳಿಸಿದ್ದನ್ನು ಬರೆದ. ಅದರಲ್ಲಿ ಅವನು ತಾನೇ ಓಡಾಡಿದ್ದ. ಇಂಗ್ಲಿಷ್ ಅವನಿಗೆ ಅಷ್ಟಕ್ಕಷ್ಟೇ. ಇಂದು ಅವನು ಇಎಂಇ ದಳದಲ್ಲಿ ಕ್ಯಾಪ್ಟನ್. ಆ ಒಂದು ಕಥೆಯಿಂದಲೇ ಆಯ್ಕೆಯಾದ ಎಂದು ನಾನು ಹೇಳುವುದಿಲ್ಲ; ಆದರೆ ಇಂಗ್ಲಿಷಿನ ಭಯದಿಂದ ಅರ್ಜಿಯನ್ನೇ ಹಾಕದೆ ಕೂರುವ ಕನ್ನಡ ಮಾಧ್ಯಮದ ಮಕ್ಕಳಿಗೆ ಇದನ್ನು ಹೇಳಲೇಬೇಕು. ಐದು ದಿನದ ಆ ಪ್ರಕ್ರಿಯೆ ಹುಡುಕುವುದು ತಂಡದೊಳಗೆ ಹೊಣೆ ಹೊರುವ ಗುಣವನ್ನು. ಹಳ್ಳಿಯಲ್ಲಿ ಬೆಳೆದವರಿಗೆ ಅದರ ಅಭ್ಯಾಸ ಕಡಿಮೆ ಇರುವುದಿಲ್ಲ. ಮಾತನಾಡುವಷ್ಟು ಇಂಗ್ಲಿಷ್ ಎರಡು ವರ್ಷದಲ್ಲಿ ಕಲಿಯಬಹುದು. ಐದನೇ ಸೆಮಿಸ್ಟರ್‌ನಲ್ಲಿ ಶುರು ಮಾಡಿ ಎನ್ನುವುದಕ್ಕೆ ಇದೂ ಒಂದು ಕಾರಣ.

ಕ್ಯಾಂಪಸ್‌ನಲ್ಲಿ ಕೆಲಸ ಸಿಕ್ಕಿದ್ದರೆ ಅದನ್ನು ಬಿಟ್ಟು ಕಾಯುವ ಅಗತ್ಯವೂ ಇಲ್ಲ. 27ರವರೆಗೆ ಅವಕಾಶವಿದೆ, ಒಮ್ಮೆ ಆಯ್ಕೆಯಾಗದಿದ್ದರೆ ಮತ್ತೆ ಪ್ರಯತ್ನಿಸಬಹುದು. ಒಂದೆರಡು ವರ್ಷ ಕಾರ್ಖಾನೆಯಲ್ಲಿ ದುಡಿದು ಸಂಸ್ಥೆ ಎಂದರೇನೆಂದು ಅರಿತು ಬಂದವರು ಹೆಚ್ಚು ಗಟ್ಟಿಯಾಗಿ ತೀರ್ಮಾನಿಸುವುದನ್ನು ನಾನು ಕಂಡಿದ್ದೇನೆ. ಆದರೆ ಅಕಾಡೆಮಿಗೆ ಹೋದ ಮೇಲೆ ಮನಸ್ಸು ಬದಲಾಯಿಸಿ ತಾವಾಗಿಯೇ ಹೊರಬರುವವರು ತರಬೇತಿಯ ವೆಚ್ಚವನ್ನು ಹಿಂದಿರುಗಿಸಬೇಕಾಗುತ್ತದೆ ಎಂಬುದು ಮೊದಲೇ ಮನೆಯವರಿಗೂ ಗೊತ್ತಿರಲಿ.

ನನ್ನ ಕೋರಿಕೆಗಳು ಇವು. ಪ್ರತಿ ಎಂಜಿನಿಯರಿಂಗ್ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗ ಐದನೇ ಸೆಮಿಸ್ಟರ್ ಆರಂಭದಲ್ಲಿ ಪೋಷಕರನ್ನೂ ಕರೆದು, ಜಿಲ್ಲೆಯಲ್ಲಿರುವ ನಿವೃತ್ತ ಅಧಿಕಾರಿಯೊಬ್ಬರಿಂದ ಈ ವಿವರಗಳನ್ನೆಲ್ಲ ಹೇಳಿಸಲಿ. ಕಷ್ಟಗಳನ್ನೂ ಮುಚ್ಚಿಡದೆ ಹೇಳಿಸಲಿ. ಎನ್‌ಸಿಸಿ ‘ಸಿ’ ಪ್ರಮಾಣಪತ್ರ ಇದ್ದವರಿಗೆ ಭೂಸೇನೆಯಲ್ಲಿ ಪ್ರತ್ಯೇಕ ನೇಮಕಾತಿ ಇರುವುದರಿಂದ, ಹಾಜರಾತಿಯ ನೆಪ ಹೇಳಿ ಎನ್‌ಸಿಸಿ ಕ್ಯಾಂಪ್‌ಗಳಿಗೆ ವಿದ್ಯಾರ್ಥಿಗಳನ್ನು ಬಿಡದಿರುವ ಪದ್ಧತಿ ನಿಲ್ಲಲಿ. ಕೊನೆಯ ಸೆಮಿಸ್ಟರ್ ಫಲಿತಾಂಶ ತಡವಾದರೆ ಆಯ್ಕೆಯಾದ ವಿದ್ಯಾರ್ಥಿ ತೇರ್ಗಡೆಯ ದಾಖಲೆಯನ್ನು ಗಡುವಿನೊಳಗೆ ಒದಗಿಸಲಾಗದೆ ಸಿಕ್ಕ ಸ್ಥಾನವನ್ನೇ ಕಳೆದುಕೊಳ್ಳುವ ಅಪಾಯವಿದೆ. ಅಂಥವರ ಫಲಿತಾಂಶ ಮತ್ತು ತಾತ್ಕಾಲಿಕ ಪದವಿ ಪ್ರಮಾಣಪತ್ರವನ್ನು ಆದ್ಯತೆಯ ಮೇಲೆ ಕೊಡುವ ವ್ಯವಸ್ಥೆಯನ್ನು ವಿಶ್ವವಿದ್ಯಾಲಯಗಳು ಮಾಡಲಿ. ತಮ್ಮ ಪತ್ರಿಕೆಯ ಶಿಕ್ಷಣ ಪುಟದಲ್ಲಿ ಕೆಪಿಎಸ್‌ಸಿ, ಬ್ಯಾಂಕ್ ಪರೀಕ್ಷೆಗಳ ಅಧಿಸೂಚನೆಗಳಿಗೆ ಸಿಗುವಷ್ಟೇ ಜಾಗ ಸೇನೆಯ ತಾಂತ್ರಿಕ ನೇಮಕಾತಿಯ ಅಧಿಸೂಚನೆಗಳಿಗೂ ಸಿಗಲಿ, ಜೊತೆಗೆ ಒಪ್ಪುವ ಶಾಖೆಗಳ ಪಟ್ಟಿಯನ್ನು ಕನ್ನಡದಲ್ಲಿ ಪೂರ್ಣವಾಗಿ ಮುದ್ರಿಸಿ ಎಂದು ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಎಂಜಿನಿಯರಿಂಗ್ ಅಧ್ಯಾಪಕ, ಹಾಸನ