ಮನವಿ ಕೊಟ್ಟಿದ್ದು ಸಾಕು, ನಾಮಪತ್ರ ಕೊಡಿ

ಸಂಪಾದಕರಿಗೆ ನಮಸ್ಕಾರ.

ನಮ್ಮ ಮಲೆನಾಡಿನ ಕಡೆ ಗ್ರಾಮ ಪಂಚಾಯಿತಿ ಚುನಾವಣೆಯ ಮಾತು ಮತ್ತೆ ಶುರುವಾಗಿದೆ. ಹಿಂದಿನದು ನಡೆದಿದ್ದು 2020ರ ಡಿಸೆಂಬರ್ 22 ಮತ್ತು 27ಕ್ಕೆ, ಕೊರೊನಾ ಗಲಾಟೆಯ ನಡುವೆ. ಯಾವ ವಾರ್ಡಿಗೆ ಯಾವ ಮೀಸಲಾತಿ ಬರಬಹುದು, ಯಾರ ಬೆನ್ನಿಗೆ ಯಾವ ಪಕ್ಷ ನಿಲ್ಲುತ್ತದೆ ಅಂತ ಸೊಸೈಟಿ ಕಟ್ಟೆಯ ಮೇಲೆ ದಿನಾ ಲೆಕ್ಕಾಚಾರ. ಗುತ್ತಿಗೆದಾರರ ಹೆಸರು ಕೇಳಿಬರುತ್ತದೆ, ಜೆಸಿಬಿ ಇಟ್ಟವರ ಹೆಸರು ಬರುತ್ತದೆ, ಹಳೆ ಸದಸ್ಯರ ಹೆಂಡತಿಯರ ಹೆಸರು ಬರುತ್ತದೆ. ಕೆರೆ ಉಳಿಸಿ, ಕಾನು ಉಳಿಸಿ, ಹೊಳೆ ಉಳಿಸಿ ಅಂತ ವರ್ಷಪೂರ್ತಿ ಓಡಾಡುವ ನಮ್ಮ ಗೆಳೆಯರ ಹೆಸರು ಮಾತ್ರ ಒಂದೂ ಇಲ್ಲ. ಈ ಪತ್ರ ಅವರಿಗೇ. ನಿಮ್ಮ ಪತ್ರಿಕೆಯನ್ನು ಅವರೆಲ್ಲ ಓದುತ್ತಾರೆ, ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನೀವು ತಹಶೀಲ್ದಾರರಿಗೆ ಮನವಿ ಕೊಡುತ್ತೀರಿ, ಜಿಲ್ಲಾಧಿಕಾರಿಗೆ ಕೊಡುತ್ತೀರಿ, ಮಂತ್ರಿ ಬಂದರೆ ಅವರ ಕಾರಿನ ಹತ್ತಿರ ಹೋಗಿ ಕೊಡುತ್ತೀರಿ. ಫೋಟೋ ಬರುತ್ತದೆ. ಆದರೆ ನೀವು ದೂರು ಕೊಡುವ ಸಂಗತಿಗಳಲ್ಲಿ ಎಷ್ಟು ನಿಮ್ಮ ಮನೆಯಿಂದ ಎರಡು ಮೂರು ಕಿಲೋಮೀಟರ್ ದೂರದ ಪಂಚಾಯಿತಿ ಕಟ್ಟಡದಲ್ಲೇ ತೀರ್ಮಾನ ಆಗಿದ್ದು ಅಂತ ಯಾವತ್ತಾದರೂ ನೋಡಿದ್ದೀರಾ? ಗುಡ್ಡ ಬಗೆದು ಕಟ್ಟಿದ ರೆಸಾರ್ಟಿಗೆ ಕಟ್ಟಡ ಪರವಾನಗಿ, ಅಂಗಡಿ ಫ್ಯಾಕ್ಟರಿಗಳಿಗೆ ಲೈಸೆನ್ಸ್, ಕಸ ಎಲ್ಲಿ ಸುರಿಯಬೇಕು, ಹೊಸ ಬೋರ್‌ವೆಲ್ ಎಲ್ಲಿ ಹೊಡೆಸಬೇಕು, ಯಾವ ಕೆರೆಯ ಹೂಳು ಈ ವರ್ಷದ ಕ್ರಿಯಾ ಯೋಜನೆಯಲ್ಲಿ ಸೇರಬೇಕು, ಇದೆಲ್ಲ ಅಲ್ಲೇ ಆಗುವುದು. ನಮ್ಮ ಪಂಚಾಯಿತಿ ಕಸ ಸುರಿಯಲು ಹಳ್ಳದ ಅಂಚಿನ ಜಾಗ ಗೊತ್ತು ಮಾಡಿದ್ದು ಒಂದು ಸಾಮಾನ್ಯ ಸಭೆಯಲ್ಲಿ. ನಡಾವಳಿ ಪುಸ್ತಕ ತೆಗೆಸಿ ನೋಡಿದರೆ ಎರಡೇ ಸಾಲು, ಕೊನೆಗೆ 'ಸರ್ವಾನುಮತದಿಂದ ಒಪ್ಪಲಾಯಿತು'. ಮಳೆಗಾಲದಲ್ಲಿ ಆ ಪ್ಲಾಸ್ಟಿಕ್ ಎಲ್ಲ ಕೆಳಗಿನ ಗದ್ದೆಗಳಿಗೆ ಬಂದ ಮೇಲೆ ಊರವರು ರೊಚ್ಚಿಗೆದ್ದು ತಾಲ್ಲೂಕು ಕಚೇರಿಗೆ ಹೋದರು. ಅಷ್ಟರಲ್ಲಿ ಅಲ್ಲಿಗೆ ರಸ್ತೆಯೂ ಆಗಿಹೋಗಿತ್ತು, ಬಿಲ್ಲೂ ಪಾಸಾಗಿತ್ತು. ಆ ಸಭೆಯಲ್ಲಿ 'ಸ್ವಾಮಿ, ಅದು ಹಳ್ಳದ ದಂಡೆ, ನಾನು ಒಪ್ಪಲ್ಲ, ಬರೆದುಕೊಳ್ಳಿ' ಅನ್ನಲು ಒಬ್ಬ ಸದಸ್ಯ ಇದ್ದಿದ್ದರೆ ಸಾಕಾಗಿತ್ತು.

ಪಂಚಾಯಿತಿ ಕೈಯಲ್ಲಿ ಏನಾಗುತ್ತೆ ಬಿಡಿ ಅನ್ನುವವರು ಪಕ್ಕದ ಕೇರಳದ ಪ್ಲಾಚಿಮಡವನ್ನು ನೆನಪು ಮಾಡಿಕೊಳ್ಳಬೇಕು. ಪಾಲಕ್ಕಾಡ್ ಜಿಲ್ಲೆಯ ಪೆರುಮಾಟ್ಟಿ ಗ್ರಾಮ ಪಂಚಾಯಿತಿಗೆ ಸೇರಿದ ಊರು ಅದು. 2000ದಲ್ಲಿ ಕೋಕಾ ಕೋಲಾ ಫ್ಯಾಕ್ಟರಿಗೆ ಅಲ್ಲಿ ಅನುಮತಿ ಕೊಟ್ಟಿದ್ದು ಅದೇ ಪಂಚಾಯಿತಿ. ಸುತ್ತಲಿನ ಬಾವಿಗಳ ನೀರು ಇಳಿದು, ಉಳಿದದ್ದು ಕುಡಿಯಲು ಬಾರದ ಹಾಗಾಗಿ, ಆದಿವಾಸಿ ಹೆಂಗಸರು ಫ್ಯಾಕ್ಟರಿ ಎದುರು ಧರಣಿ ಕೂತ ಮೇಲೆ, 2003ರ ಏಪ್ರಿಲ್‌ನಲ್ಲಿ ಲೈಸೆನ್ಸ್ ನವೀಕರಿಸುವುದಿಲ್ಲ ಅಂತ ನಿರ್ಧಾರ ಮಾಡಿದ್ದೂ ಅದೇ ಪಂಚಾಯಿತಿ. ಕಂಪನಿ ಕೋರ್ಟಿಗೆ ಹೋಯಿತು. ಹೈಕೋರ್ಟಿನ ಏಕಸದಸ್ಯ ಪೀಠ ಅಂತರ್ಜಲ ಜನರ ಸೊತ್ತು ಅಂದಿತು, 2005ರಲ್ಲಿ ವಿಭಾಗೀಯ ಪೀಠ ಕಂಪನಿ ಕಡೆ ವಾಲಿತು, ವ್ಯಾಜ್ಯ ಸುಪ್ರೀಂ ಕೋರ್ಟಿಗೆ ಹತ್ತಿತು. ಫ್ಯಾಕ್ಟರಿ ಮಾತ್ರ 2004ರ ಮಾರ್ಚ್‌ನಲ್ಲಿ ಬಾಗಿಲು ಹಾಕಿದ್ದು ಮತ್ತೆ ತೆಗೆಯಲಿಲ್ಲ. 2017ರಲ್ಲಿ ಕಂಪನಿಯೇ ಅಲ್ಲಿ ಮತ್ತೆ ಉತ್ಪಾದನೆ ಶುರು ಮಾಡುವ ಇರಾದೆ ಇಲ್ಲ ಅಂತ ಕೋರ್ಟಿಗೆ ಹೇಳಿತು. ಹೊರಗೆ ಧರಣಿ ಇತ್ತು, ನಿಜ. ಧರಣಿ ಇಲ್ಲದೆ ಪಂಚಾಯಿತಿ ಅಲುಗಾಡುತ್ತಿರಲಿಲ್ಲ. ಆದರೆ ಕಂಪನಿ ಕೋರ್ಟಿನಲ್ಲಿ ಉತ್ತರ ಕೊಡಬೇಕಾಗಿ ಬಂದಿದ್ದು ಪಂಚಾಯಿತಿಯ ಠರಾವಿಗೆ. ಧರಣಿ ಕೂತವರು ಎಷ್ಟೇ ಜನ ಇರಲಿ, ಲೈಸೆನ್ಸಿಗೆ ಕತ್ತರಿ ಹಾಕುವ ಅಧಿಕಾರ ಅವರಿಗಿಲ್ಲ ಅಲ್ವಾ.

ಹಾಗಂತ ಪಂಚಾಯಿತಿ ಸದಸ್ಯರಾದ ಕೂಡಲೇ ಎಲ್ಲಾ ನಿಲ್ಲಿಸಬಹುದು ಅಂತ ನಾನು ಹೇಳುತ್ತಿಲ್ಲ. ಶರಾವತಿ ಕಣಿವೆಯ 2000 ಮೆಗಾವಾಟ್ ಪಂಪ್ಡ್ ಸ್ಟೋರೇಜ್ (ನೀರನ್ನು ಮೇಲಕ್ಕೆತ್ತಿ ಮತ್ತೆ ಕೆಳಗೆ ಬಿಟ್ಟು ಕರೆಂಟ್ ಮಾಡುವ) ಯೋಜನೆಯಂಥವು ಬೆಂಗಳೂರು ದೆಹಲಿಗಳಲ್ಲಿ ತೀರ್ಮಾನ ಆಗುವಂಥವು. ಕಲ್ಲು ಕ್ವಾರಿಯ ಗುತ್ತಿಗೆ ಕೊಡುವುದು ಗಣಿ ಇಲಾಖೆ. ಅಂಥಲ್ಲಿ ಪಂಚಾಯಿತಿಯ ಠರಾವು ಒಂದು ಕಾಗದ ಅಷ್ಟೇ. ಆದರೂ ಅದು ಚುನಾಯಿತ ಸಭೆಯ ಕಾಗದ, ಕೋರ್ಟಿನಲ್ಲಿ, ಅಹವಾಲು ಸಭೆಯಲ್ಲಿ ಮುಂದೆ ಇಡಬಹುದು.

ಈಗ ನೀವು ಹೇಳುವ ನೆಪಗಳಿಗೆ ಬರೋಣ. ರಾಜಕೀಯ ಅಂದರೆ ಕೊಳಕು, ನಮಗ್ಯಾಕೆ ಅನ್ನುತ್ತೀರಿ. ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ, ತಾಳ್ಮೆಯೂ ಇಲ್ಲ. ದುಡ್ಡು ಬೇಕು ಅನ್ನುತ್ತೀರಿ. ಅದು ಅರ್ಧ ನಿಜ. ಹಿಂದಿನ ಸಲ ಕೆಲವು ಕಡೆ ಸದಸ್ಯ ಸ್ಥಾನವನ್ನೇ ಊರಲ್ಲಿ ಹರಾಜು ಹಾಕಿ, ಜಾಸ್ತಿ ಕೂಗಿದವರನ್ನು ಅವಿರೋಧ ಆಯ್ಕೆ ಮಾಡಿಕೊಂಡ ಸುದ್ದಿಗಳು ಎಲ್ಲಾ ಪತ್ರಿಕೆಯಲ್ಲೂ ಬಂದಿದ್ದವು. ಆದರೆ ನಮ್ಮ ಮಲೆನಾಡಿನ ಪಂಚಾಯಿತಿಗಳ ಲೆಕ್ಕ ಬೇರೆ. ಸುಮಾರು 400 ಜನಕ್ಕೆ ಒಬ್ಬ ಸದಸ್ಯ ಅಂತ ಕಾನೂನಿನ ಲೆಕ್ಕ. ಅದರಲ್ಲಿ ಮಕ್ಕಳನ್ನು, ಪಟ್ಟಿಯಲ್ಲಿ ಹೆಸರಿದ್ದೂ ಬೆಂಗಳೂರಿನಲ್ಲಿರುವವರನ್ನು ಕಳೆಯಿರಿ. ಉಳಿದವರ ಮನೆಗೆಲ್ಲ ನಡೆದುಕೊಂಡೇ ಹೋಗಬಹುದು, ಬಹಳ ಮನೆಗಳಲ್ಲಿ ನಿಮಗೆ ಚಹಾ ಕೊಡದೆ ಕಳಿಸುವುದಿಲ್ಲ. ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. 'ಇಂಥ ಪಕ್ಷದ ಬೆಂಬಲಿತ' ಅನ್ನುವುದೆಲ್ಲ ಹೊರಗಿನ ಮಾತು. ವಿಧಾನಸಭೆಗೆ ನಿಲ್ಲುವ ಪರಿಸರದವರಿಗೆ ಠೇವಣಿ ಉಳಿಯುವುದಿಲ್ಲ. ಪಂಚಾಯಿತಿಯಲ್ಲಿ ಅವರೇ ಗೆಲ್ಲಬಹುದು, ಯಾಕೆಂದರೆ ಅಲ್ಲಿ ಜನ ಆಳು ನೋಡಿ ವೋಟು ಹಾಕುತ್ತಾರೆ. (ಜಾತಿ ನೋಡುವುದಿಲ್ಲ ಅಂತ ಅಲ್ಲ. ನೋಡುತ್ತಾರೆ. ಆದರೆ ಆಳನ್ನೂ ನೋಡುತ್ತಾರೆ.)

ನಿಜವಾದ ಕಷ್ಟ ಬೇರೆಯೇ ಇದೆ. ಅದರ ಬಗ್ಗೆ ನಮ್ಮವರು ಬಾಯಿ ಬಿಡುವುದಿಲ್ಲ. ನಮ್ಮ ಕಡೆ 'ಪರಿಸರದವರು' ಅಂದರೆ ಅರ್ಧ ಊರಿಗೆ ಹೆದರಿಕೆ. ಒಂದೋ ಎರಡೋ ಎಕರೆ ಅರಣ್ಯ ಅತಿಕ್ರಮಣ ಮಾಡಿಕೊಂಡು ಅದರಲ್ಲೇ ಮನೆ, ಅದರಲ್ಲೇ ಅಡಿಕೆ ಅಂತ ಬದುಕುತ್ತಿರುವ ಕುಟುಂಬಗಳು ಇಲ್ಲಿ ಕಡಿಮೆ ಇಲ್ಲ. ಪಟ್ಟಾ ಇನ್ನೂ ಬಂದಿಲ್ಲ. ಅರಣ್ಯ ಹಕ್ಕು ಕಾಯ್ದೆ 2006ರಲ್ಲಿ ಬಂತು, ಅರ್ಜಿ ಹಾಕಿದರು, ಹಲವರದ್ದು ತಿರಸ್ಕಾರ ಆಯಿತು. ಅವರ ಕಣ್ಣಿಗೆ ಕಾಡಿನ ಪರ ಮಾತಾಡುವವನು ಅಂದರೆ ನಾಳೆ ಗಾರ್ಡ್ ಜೊತೆ ಬಂದು ಬೇಲಿ ಕೀಳಿಸುವವನು. ನಾವು ನಮ್ಮ ಸೊಪ್ಪಿನಬೆಟ್ಟ (ತೋಟಕ್ಕೆ ಸೊಪ್ಪು ತರಲು ಬಿಟ್ಟುಕೊಟ್ಟ ಕಾಡು), ನಮ್ಮ ಹಳೇ ತೋಟ ಇಟ್ಟುಕೊಂಡು ಅವರಿಗೆ ಕಾಡಿನ ಪಾಠ ಹೇಳಿದರೆ ಯಾರು ಕೇಳುತ್ತಾರೆ ಹೇಳಿ.

ಪಶ್ಚಿಮ ಘಟ್ಟ ಉಳಿಸುವ ಬಗ್ಗೆ ಬಂದ ವರದಿಗಳ ಕತೆಯೂ ಹೀಗೇ ಹಾಳಾಗಿದ್ದು. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಎಲ್ಲಿ ಏನು ಮಾಡಬಹುದು, ಏನು ಬೇಡ ಅಂತ ಗ್ರಾಮಸಭೆಗಳ ಜೊತೆ ಕೂತು ಮಾತಾಡಿಯೇ ತೀರ್ಮಾನಿಸಿ ಅಂತ ಅದರಲ್ಲೇ ಹೇಳಿತ್ತು. ಸರ್ಕಾರ ಅದನ್ನು ತಿಂಗಳುಗಟ್ಟಲೆ ಬಚ್ಚಿಟ್ಟುಕೊಂಡಿತು, ಮಾಹಿತಿ ಹಕ್ಕಿನ ಜಗಳ ಆದ ಮೇಲೆ 2012ರಲ್ಲಿ ಹೊರಗೆ ಬಂತು. ಆಮೇಲೆ 2013ರಲ್ಲಿ ಕಸ್ತೂರಿರಂಗನ್ ವರದಿ, ಅದರ ಮೇಲೆ ಕರಡು ಅಧಿಸೂಚನೆ, ಮತ್ತೊಂದು ಕರಡು, ಮಗದೊಂದು. 2024ರ ಜುಲೈ 31ರಂದು ಬಂದಿದ್ದು ಆರನೆಯದು, ಅದರಲ್ಲಿ ಪರಿಸರ ಸೂಕ್ಷ್ಮ ಪ್ರದೇಶ ಅಂತ ಗುರುತಿಸಿದ್ದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಊರಿನವರಿಗೆ ಇದೆಲ್ಲ ತಲುಪಿದ್ದು ಹೇಗೆ? 'ವರದಿ ಬಂದರೆ ದನ ಮೇಯಿಸಲು ಬಿಡಲ್ಲ, ಮನೆ ರಿಪೇರಿ ಮಾಡಲು ಬಿಡಲ್ಲ, ಒಕ್ಕಲೆಬ್ಬಿಸುತ್ತಾರೆ' ಅಂತ. ಪಂಚಾಯಿತಿಗಳು ಒಂದರ ಹಿಂದೆ ಒಂದು ವಿರೋಧದ ಠರಾವು ಮಾಡಿ ಕಳಿಸಿದವು. ವರದಿ ಓದಿ ವಿರೋಧಿಸಿದವರೂ ಇದ್ದರು, ಅವರ ತಕರಾರು ಬೇರೆ. ಆದರೆ ಬಹಳ ಸಭೆಗಳಲ್ಲಿ 'ಇರ್ರಿ, ನಮ್ಮ ಊರಿನ ಹೆಸರು ಪಟ್ಟಿಯಲ್ಲಿದೆಯಾ, ಇದ್ದರೆ ಯಾವುದಕ್ಕೆ ತಡೆ, ಯಾವುದಕ್ಕಿಲ್ಲ, ಒಂದೊಂದೇ ನೋಡೋಣ' ಅನ್ನುವ ಒಬ್ಬ ಸದಸ್ಯ ಇರಲಿಲ್ಲ. ನಮ್ಮ ಓದಿದ ಗೆಳೆಯರು ಆ ಹೊತ್ತಿಗೆ ಶಿವಮೊಗ್ಗದಲ್ಲಿ, ಬೆಂಗಳೂರಿನಲ್ಲಿ ವಿಚಾರ ಸಂಕಿರಣ ಮಾಡುತ್ತಿದ್ದರು.

ಅದಕ್ಕೇ ಹೇಳುವುದು, 'ಪರಿಸರ' ಅಂತ ಬೋರ್ಡು ಹಾಕಿಕೊಂಡು ನಿಲ್ಲಬೇಡಿ. ಏಪ್ರಿಲ್ ಮೇ ತಿಂಗಳಲ್ಲಿ ನಮ್ಮ ಊರಿಗೆ ನೀರು ಬರುತ್ತಾ ಅಂತ ಕೇಳಿಕೊಂಡು ನಿಲ್ಲಿ. ಮೂರು ಸಾವಿರ ಮಿಲಿಮೀಟರ್ ಮಳೆ ಬೀಳುವ ಸೀಮೆಯಲ್ಲಿ ಬೇಸಿಗೆಗೆ ಟ್ಯಾಂಕರ್ ಬರುವುದು ಯಾಕೆ ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ, ಜನಕ್ಕೆ ಗೊತ್ತು. ಮಹಾರಾಷ್ಟ್ರದ ಹಿವರೆ ಬಜಾರ್‌ನಲ್ಲಿ ಮಳೆ ನಮ್ಮದರ ಕಾಲುಭಾಗಕ್ಕಿಂತಲೂ ಕಡಿಮೆ. ಅಲ್ಲಿ ಪೋಪಟರಾವ್ ಪವಾರ್ ಸರಪಂಚರು, ಅಂದರೆ ಪಂಚಾಯಿತಿ ಅಧ್ಯಕ್ಷರು, ಆದ ಮೇಲೆ ಬೇಸಾಯಕ್ಕೆ ಬೋರ್‌ವೆಲ್ ಬೇಡ, ಕಬ್ಬು ಬಾಳೆ ಬೇಡ ಅಂತ ಊರೇ ಕೂತು ಕಟ್ಟು ಮಾಡಿಕೊಂಡಿತು. ಪ್ರತಿವರ್ಷ ಬಿದ್ದ ಮಳೆ ಎಷ್ಟು, ಯಾವ ಬೆಳೆಗೆ ಸಾಲುತ್ತೆ ಅಂತ ಗ್ರಾಮಸಭೆಯಲ್ಲಿ ಲೆಕ್ಕ ಹಾಕುತ್ತಾರೆ. ಪವಾರರಿಗೆ 2020ರಲ್ಲಿ ಪದ್ಮಶ್ರೀ ಬಂತು. ನಮ್ಮಲ್ಲಿ ಲೆಕ್ಕ ಬರುವುದು ಬೋರ್‌ವೆಲ್ ಬಿಲ್ಲಿಗೆ ಮಾತ್ರ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ನೂರಕ್ಕೆ 60 ಪಾಲು ಕುಡಿಯುವ ನೀರಿಗೆ ಮತ್ತು ನೈರ್ಮಲ್ಯಕ್ಕೇ ಅಂತ ಗಂಟು ಹಾಕಿ ಕೊಟ್ಟಿದ್ದರು. ಮಳೆನೀರು ಇಂಗಿಸುವುದು, ನೀರಿನ ಮರುಬಳಕೆ ಕೂಡ ಅದರಲ್ಲೇ ಬರುತ್ತಿತ್ತು. ಐದು ವರ್ಷದಲ್ಲಿ ಆ ದುಡ್ಡಲ್ಲಿ ನಿಮ್ಮ ಪಂಚಾಯಿತಿ ಎಷ್ಟು ಬೋರ್ ಹೊಡೆಸಿತು, ಎಷ್ಟು ಕೆರೆ ಮುಟ್ಟಿತು ಅಂತ ಕೇಳಿ ನೋಡಿ. ಆ ಉತ್ತರವೇ ನಿಮ್ಮ ಕರಪತ್ರ.

ಕಸದ ವಿಷಯ ಜಾಸ್ತಿ ಬೆಳೆಸುವುದಿಲ್ಲ. ಪಂಚಾಯಿತಿಯೇ ಕಸ ಬೇರ್ಪಡಿಸಿ ನಿಭಾಯಿಸುವ ಉಡುಪಿ ಜಿಲ್ಲೆಯ ವಂಡ್ಸೆ, ನಿಟ್ಟೆಗೆ ಒಂದು ದಿನ ಹೋಗಿ ಬನ್ನಿ, ಸಾಕು.

ಇನ್ನೊಂದು ಮಾತು, ಹೆಂಗಸರ ಬಗ್ಗೆ. ಅರ್ಧ ಸ್ಥಾನ ಅವರಿಗೆ ಮೀಸಲು. ನಮ್ಮ ಪರಿಸರದ ಗುಂಪುಗಳ ವೇದಿಕೆ ನೋಡಿದರೆ ಎಲ್ಲಾ ಗಂಡಸರೇ, ಅದರಲ್ಲೂ ಬಹಳ ಜನ ನಿವೃತ್ತರು, ಬಹುಪಾಲು ಒಂದೆರಡು ಜಾತಿಯವರು. ಮೀಸಲಾತಿ ಪಟ್ಟಿ ಬಂದ ದಿನ ಇವರಿಗೆ ನಿಲ್ಲಲು ವಾರ್ಡೇ ಇರುವುದಿಲ್ಲ. ಒಣಕಸದ ಗಾಡಿ ಓಡಿಸುವ ಸ್ವಸಹಾಯ ಸಂಘದ ಹೆಣ್ಣುಮಕ್ಕಳಿದ್ದಾರೆ, ಉಪ್ಪಾಗೆ ಸೀಗೆಕಾಯಿ ಆರಿಸುವವರಿದ್ದಾರೆ, ಆಶಾ ಕಾರ್ಯಕರ್ತೆಯರ ಮನೆಯವರಿದ್ದಾರೆ. ಯಾವ ಒರತೆ ಯಾವ ತಿಂಗಳಲ್ಲಿ ಬತ್ತುತ್ತದೆ ಅಂತ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅವರನ್ನು ನಿಲ್ಲಿಸಿ, ನೀವು ಹಿಂದೆ ನಿಂತು ಕಾನೂನಿನ ಪುಸ್ತಕ ಓದಿ ಹೇಳಿ. ಮೈಕು ಮಾತ್ರ ಅವರ ಕೈಯಲ್ಲೇ ಇರಲಿ, ದಯವಿಟ್ಟು.

ಒಬ್ಬರೇ ಗೆದ್ದು ಹೋಗಿಯೂ ಪ್ರಯೋಜನ ಕಮ್ಮಿ. ಹನ್ನೆರಡು ಹದಿಮೂರು ಜನರ ಸಭೆಯಲ್ಲಿ ಒಬ್ಬರೇ ಇದ್ದರೆ ಭಿನ್ನಮತ ಬರೆಸಿ ಬರಬಹುದು ಅಷ್ಟೇ, ಅದೂ ಬೇಕು, ಆದರೆ ಮೂರೋ ನಾಲ್ಕೋ ಜನ ಇದ್ದರೆ ಉಳಿದವರು ನಿಮ್ಮ ಜೊತೆ ಮಾತಾಡಲೇಬೇಕಾಗುತ್ತದೆ. ಗೆದ್ದ ಮೇಲೆ ಮೊದಲ ತಿಂಗಳಲ್ಲೇ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಹತ್ತಿರ ಜೀವವೈವಿಧ್ಯ ನಿರ್ವಹಣಾ ಸಮಿತಿಯ ಕಡತ ಕೇಳಿ. 2002ರ ಜೀವವೈವಿಧ್ಯ ಕಾಯ್ದೆ ಪ್ರಕಾರ ಪ್ರತಿ ಪಂಚಾಯಿತಿಯಲ್ಲೂ ಅದು ಇರಬೇಕು. ಊರಿನ ಗಿಡ ಮರ ಪ್ರಾಣಿ ಬೀಜಗಳನ್ನೆಲ್ಲ ದಾಖಲು ಮಾಡಬೇಕು. ವ್ಯಾಪಾರಕ್ಕೆ ಕಾಡುತ್ಪತ್ತಿ ಒಯ್ಯುವವರಿಂದ ಶುಲ್ಕ ವಸೂಲಿ ಮಾಡುವ ಅಧಿಕಾರ ಕೂಡ ಅದಕ್ಕಿದೆ. 2020ರ ಜನವರಿ 31ರೊಳಗೆ ದಾಖಲೆ ಮುಗಿಸದ ರಾಜ್ಯಗಳಿಗೆ ತಿಂಗಳಿಗೆ 10 ಲಕ್ಷ ದಂಡ ಅಂತ ಹಸಿರು ನ್ಯಾಯಮಂಡಳಿ ಹೇಳಿದ ಮೇಲೆ ದೇಶದೆಲ್ಲೆಡೆ ತರಾತುರಿಯಲ್ಲಿ ಸಮಿತಿಗಳು ಹುಟ್ಟಿಕೊಂಡವು. ನಿಮ್ಮ ಊರಿನ ಸಮಿತಿಯಲ್ಲಿ ಯಾರ ಹೆಸರಿದೆ ನೋಡಿ. ತಾವು ಅದರಲ್ಲಿ ಸದಸ್ಯರು ಅಂತ ಅವರಿಗೇ ಗೊತ್ತಿಲ್ಲದಿದ್ದರೂ ಆಶ್ಚರ್ಯ ಪಡಬೇಡಿ.

ಬೆಂಗಳೂರು ಬಿಟ್ಟು ಊರಿಗೆ ಬಂದು ತೋಟ ಮಾಡುತ್ತಿರುವ ಹುಡುಗ ಹುಡುಗಿಯರಿಗೆ ಬೇರೆಯಾಗಿ ಒಂದು ಮಾತು. ನಿಮ್ಮಲ್ಲಿ ಕೆಲವರ ವೋಟು ಇನ್ನೂ ಅಲ್ಲೇ ಇದೆ. ನಮ್ಮ ಪಂಚಾಯಿತಿಯ ಮತದಾರರ ಪಟ್ಟಿಯಲ್ಲಿ ಹೆಸರಿಲ್ಲದೆ ನಿಲ್ಲಲು ಬರುವುದಿಲ್ಲ, 21 ವರ್ಷ ತುಂಬಿದ್ದರಷ್ಟೇ ಸಾಲದು. ಈ ವಾರವೇ ಬೂತ್ ಮಟ್ಟದ ಅಧಿಕಾರಿಯನ್ನು ಹಿಡಿದು ಅದನ್ನು ಸರಿ ಮಾಡಿಸಿಕೊಳ್ಳಿ.

ಸಂಪಾದಕರೇ, ಕೊನೆಗೆ ನಿಮ್ಮಲ್ಲೂ ಒಂದು ಕೋರಿಕೆ. ಜೂನ್ 5ರ ಪರಿಸರ ದಿನ ಬಂದರೆ ನಿಮ್ಮ ತಾಲ್ಲೂಕು ಪುಟದಲ್ಲಿ ಸಸಿ ನೆಡುವವರ ಫೋಟೋಗಳಿಗೆ ಜಾಗ ಸಾಲುವುದಿಲ್ಲ. ಅದರಲ್ಲಿ ಒಂದೆರಡು ಕಡಿಮೆ ಮಾಡಿ, ವಾರ್ಡ್‌ವಾರು ಮೀಸಲಾತಿ ಪಟ್ಟಿ ಬಂದ ದಿನ ಅದನ್ನು ಪೂರ್ತಿ ಹಾಕಿ. ನಾಮಪತ್ರಕ್ಕೆ ಏನೇನು ದಾಖಲೆ ಬೇಕು, ಯಾರ ಸಹಿ ಬೇಕು ಅಂತ ಒಂದು ಚೌಕದಲ್ಲಿ ಹಾಕಿ. ಗ್ರಾಮಸಭೆಗಳ ದಿನಾಂಕವನ್ನು ಮುಂಚೆಯೇ ಹಾಕಿದರೆ ಇನ್ನೂ ಒಳ್ಳೆಯದು. ನಮ್ಮಲ್ಲಿ ಸಭೆ ಮುಗಿದ ಮೇಲೆ ಸುದ್ದಿ ಬರುತ್ತದೆ.

ಇಂತಿ,
ಒಬ್ಬ ಅಡಿಕೆ ಬೆಳೆಗಾರ
ಸಾಗರ ತಾಲ್ಲೂಕು