ಹಾವು ಊಟ ಬಿಟ್ಟಿದೆಯಾ? ಭಾನುವಾರದೊಳಗೆ ತೂಕ ಕಳಿಸಿ

ಎಲ್ಲರಿಗೂ ನಮಸ್ಕಾರ್ರಿ. ಬಾಲ್ ಪೈಥಾನ್ (ಆಫ್ರಿಕಾ ಮೂಲದ, ವಿಷವಿಲ್ಲದ ಸಣ್ಣ ಹೆಬ್ಬಾವು) ಸಾಕಿರುವ ಕಲಬುರಗಿ, ಬೀದರ್, ಯಾದಗಿರಿ ಸದಸ್ಯರಿಗೆ ಈ ಸೂಚನೆ.

ಥಂಡಿ ಶುರುವಾದಾಗಿನಿಂದ "ಹಾವು ಇಲಿ ಮುಟ್ಟುತ್ತಿಲ್ಲ" ಅಂತ ದಿನಾ ಮೆಸೇಜ್ ಬರುತ್ತಿವೆ. ಗಾಬರಿ ಬೇಡ. ಮೈ ತುಂಬಿದ ದೊಡ್ಡ ಹಾವು ಚಳಿಗಾಲದಲ್ಲಿ ತಿಂಗಳುಗಟ್ಟಲೆ ತಿನ್ನದೇ ಇರುವುದುಂಟು. ಕಣ್ಣು ನೀಲಿಯಾಗಿ ಮಬ್ಬಾಗಿದ್ದರೆ ಪೊರೆ ಬಿಡುವ ಹೊತ್ತು, ಆಗ ಸುಮ್ನೆ ಬಿಟ್ಟುಬಿಡಿ.

ಮೊದಲು ಪೆಟ್ಟಿಗೆಯ ಬಿಸಿ ನೋಡಿ. ಬೆಚ್ಚಗಿನ ಮೂಲೆ 31ರಿಂದ 33 ಡಿಗ್ರಿ ಇರಬೇಕು. ಬೀದರ್‌ನವರು ಜಾಸ್ತಿ ಗಮನ ಕೊಡಿ, ನಿಮ್ಮಲ್ಲಿ ರಾತ್ರಿ ಚಳಿ ಜೋರು ಅಲ್ವಾ.

ಹಾವಿಗೆಂದು ಫ್ರೀಜರ್‌ನಲ್ಲಿಟ್ಟ ಸತ್ತ ಇಲಿಯನ್ನು ಹಿಂದಿನ ರಾತ್ರಿಯೇ ಫ್ರಿಜ್‌ನೊಳಗೆ ಕೆಳಗಿನ ಭಾಗದಲ್ಲಿ ಇಟ್ಟು ಕರಗಿಸಿ. ಆಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಬಿಸಿನೀರಲ್ಲಿ ಅದ್ದಿಡಿ. ಮೈಕ್ರೋವೇವ್ ಬೇಡವೇ ಬೇಡ. ಇಲಿಯ ತಲೆ ಬೆಚ್ಚಗಿರಲಿ: ಈ ಹಾವು ತುಟಿಯ ಮೇಲಿನ ಸಣ್ಣ ಗುಳಿಗಳಿಂದ ಶಾಖ ಗುರುತಿಸಿಯೇ ಬಾಯಿ ಹಾಕುತ್ತದೆ. ಕತ್ತಲಾದ ಮೇಲೆ ಉದ್ದನೆ ಚಿಮಟದಲ್ಲಿ ಹಿಡಿದು, ಅದು ಅಡಗಿರುವ ಜಾಗದ ಮುಂದೆ ಮೆಲ್ಲಗೆ ಅಲ್ಲಾಡಿಸಿ. ತಿನ್ನದಿದ್ದರೆ ತೆಗೆದು ಎಸೆಯಿರಿ, ವಾರ ಬಿಟ್ಟು ಮತ್ತೆ ನೋಡಿ. ದಿನಾ ಕಾಡಿದರೆ ಹಟ ಜಾಸ್ತಿಯಾಗುತ್ತದೆ. ಜೀವಂತ ಇಲಿ ಬಿಟ್ಟು ಮಲಗಬೇಡಿ, ಅದು ಹಾವನ್ನೇ ಕಚ್ಚುತ್ತದೆ. ಬಾಯಿಗೆ ತುರುಕುವ ಸಾಹಸವಂತೂ ಬೇಡ.

ತೂಕ ಇಳಿಯುತ್ತಿದ್ದರೆ, ಉಸಿರಲ್ಲಿ ಸಿಳ್ಳೆ ಸದ್ದು ಬಂದರೆ ತಡಮಾಡದೆ ಪಶುವೈದ್ಯರಿಗೆ ತೋರಿಸಿ. ಹಾವು ನೋಡುವ ಡಾಕ್ಟರ್ ಗೊತ್ತಿದ್ದವರು ಇಲ್ಲಿ ತಿಳಿಸಿ, ಉಪಕಾರವಾಗುತ್ತದೆ.

ಪರಿವೇಶ್ ಪೋರ್ಟಲ್‌ನಲ್ಲಿ (ಕೇಂದ್ರ ಪರಿಸರ ಸಚಿವಾಲಯದ ವೆಬ್‌ಸೈಟ್) ಇಂಥ ವಿದೇಶಿ ಹಾವಿನ ನೋಂದಣಿ ಬಾಕಿ ಇರುವವರು ಬೇಗ ಮುಗಿಸಿ. ನಮ್ಮ ಕಡೆಯ ಕಾಡು-ಹೊಲದ ಹಾವು ಹಿಡಿದು ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ, ಅಂಥ ಫೋಟೊ ಗುಂಪಿಗೆ ಹಾಕಬೇಡಿ.

ಭಾನುವಾರ ಸಂಜೆಯೊಳಗೆ ಹಾವಿನ ತೂಕ, ಕೊನೆಯ ಸಲ ತಿಂದ ದಿನ, ಪೆಟ್ಟಿಗೆಯ ಡಿಗ್ರಿ ಇಷ್ಟು ಬರೆದು ಕಳಿಸಿ.