ತಾತಗೆ, ಕೋಲ್ಮಾರ್‌ನಿಂದ

ತಾತ, ನಮಸ್ಕಾರ. ಅಜ್ಜಿ ಮೊಣಕಾಲು ಹೆಂಗೈತೆ? ಮೊನ್ನೆ ಫೋನಲ್ಲಿ ನೀವು "ನೀನಿರೋದು ಫ್ರಾನ್ಸೋ ಜರ್ಮನಿಯೋ" ಅಂತ ಮೂರು ಸಲ ಕೇಳಿದ್ರಿ, ನಾನು ಹೇಳಿದ್ದು ನಿಮ್ಗೆ ಕೇಳಿಸ್ಲಿಲ್ಲ, ಅದಕ್ಕೇ ಬರೀತಿದೀನಿ, ತಂಗಿ ಓದಿ ಹೇಳ್ತಾಳೆ.

ಈಗ ಫ್ರಾನ್ಸ್. ಆದ್ರೆ ನೀವು ಕೇಳಿದ್ದು ತಪ್ಪೇನಲ್ಲ.

ನಮ್ ಕೆಳಗಿನ ಮನೇಲಿ ಒಬ್ರು ವಯಸ್ಸಾದ ಅಜ್ಜಿ ಅವ್ರೆ, ಅವರ ಅಜ್ಜಿ ಹುಟ್ಟಿದ್ದು 1869ರಲ್ಲಿ, ಆಗ ಕೋಲ್ಮಾರ್ ಫ್ರಾನ್ಸಿಂದು. 1871ಕ್ಕೆ ಫ್ರಾನ್ಸ್ ಯುದ್ಧ ಸೋತು ಕೋಲ್ಮಾರ್ ಇರೋ ಅಲ್ಸಾಸ್ ಸೀಮೆ ಜರ್ಮನಿಗೆ ಹೋಯ್ತು, 1918ಕ್ಕೆ ವಾಪಸ್ ಫ್ರಾನ್ಸು, 1940ಕ್ಕೆ ಹಿಟ್ಲರ್ ಬಂದ, 1945 ಫೆಬ್ರವರೀಲಿ ಮತ್ತೆ ಫ್ರಾನ್ಸು. ಆಯಮ್ಮ ಬೀದಿ ಬಿಟ್ಟು ಕದಲ್ಲಿಲ್ಲ, ದೇಶ ಮಾತ್ರ ನಾಲ್ಕು ಸಲ ಬದಲಾಯ್ತು! 1918ರಲ್ಲಿ ಫ್ರೆಂಚರು ಬಂದು ಅಪ್ಪ ಅಮ್ಮ ಎಲ್ಲಿಯೋರು ಅಂತ ನೋಡಿ ಎ, ಬಿ, ಸಿ, ಡಿ ಅಂತ ಜನಕ್ಕೆಲ್ಲ ಕಾರ್ಡ್ ಹಂಚಿದ್ರಂತೆ, ನಾಜಿಗಳ ಕಾಲಕ್ಕೆ ಝಾನ್ ಅನ್ನೋರು ಹಾನ್ಸ್ ಆಗ್ಬೇಕು, ಫ್ರೆಂಚ್ ಮಾತಾಡಂಗಿಲ್ಲ, ಯುದ್ಧ ಮುಗಿದ್ಮೇಲೆ ಉಲ್ಟಾ, ಮನೇಲಿ ಆಡೋ ಜರ್ಮನ್ ಥರದ ಅಲ್ಸಾಸ್ ಮಾತು ಆಡಿದ್ದಕ್ಕೆ ಸ್ಕೂಲಲ್ಲಿ ಈ ಕೆಳಗಿನ ಮನೆ ಅಜ್ಜಿಗೇ ಪನಿಶ್ಮೆಂಟ್. ಇವರ ಚಿಕ್ಕಪ್ಪನ್ನ 1942ರಲ್ಲಿ ಬಲವಂತವಾಗಿ ಜರ್ಮನ್ ಸೈನ್ಯಕ್ಕೆ ಸೇರ್ಸಿ ರಷ್ಯಾಕ್ಕೆ ಕಳ್ಸಿದ್ರು, ಬರ್ಲೇ ಇಲ್ಲ. ಹಂಗೆ ಹೋದೋರು ಈ ಕಡೆಯಿಂದ ಲಕ್ಷಕ್ಕೂ ಮೇಲೆ.

ಪಕ್ಕದ ಸ್ಟ್ರಾಸ್‌ಬರ್ಗಲ್ಲಿ ಯುದ್ಧದಲ್ಲಿ ಸತ್ತೋರಿಗೆ ಅಂತ 1936ರಲ್ಲಿ ಒಂದು ಸ್ಮಾರಕ ಕಟ್ಟಿದ್ದಾರೆ. ತಾಯಿ ಕೂತವಳೆ, ಸಾಯ್ತಿರೋ ಇಬ್ರು ಮಕ್ಕಳು ಅವಳಿಗೆ ಒರಗಿ ಮಲಗಿದಾರೆ, ಇಬ್ರ ಮೈಮೇಲೂ ಬಟ್ಟೆ ಇಲ್ಲ. ಯೂನಿಫಾರ್ಮ್ ಹಾಕಿದ್ರೆ ಯಾರ ಕಡೆಯೋನು ಅಂತ ಗೊತ್ತಾಗ್ಬಿಡುತ್ತಲ್ಲ, ಅದಕ್ಕೆ. ಕೆಳಗೆ "ದೇಶಕ್ಕಾಗಿ" ಅಂತಾನೂ ಬರ್ದಿಲ್ಲ, ಯಾವ ದೇಶ ಅಂತ ಬರೀತಾರೆ, "ನಮ್ಮ ಸತ್ತವರಿಗೆ" ಅಂತ ಅಷ್ಟೇ. ನಾನು ಅಲ್ಲಿ ಸುಮ್ನೆ ನಿಂತ್ಬಿಟ್ಟೆ ತಾತ.

ಇನ್ನೊಂದು ತಮಾಷೆ ಕೇಳಿ. ಫ್ರಾನ್ಸಲ್ಲಿ ರೈಲು ನಮ್ಮಂಗೆ ಎಡಗಡೆ ಹಳಿ ಮೇಲೆ ಓಡುತ್ತೆ, ಅಲ್ಸಾಸಲ್ಲಿ ಮಾತ್ರ ಬಲಗಡೆ, ಜರ್ಮನ್ರು ಮಾಡಿದ್ದು ಹಂಗೇ ಉಳ್ಕೊಂಡೈತೆ! ಗುಡ್ ಫ್ರೈಡೇ ರಜಾನೂ ಹಂಗೇ, ಪ್ಯಾರಿಸ್‌ನೋರಿಗಿಲ್ಲ, ನಮ್ಗೈತೆ.

ನೀವು ಹೇಳ್ತಿದ್ರಲ್ಲ, ಬಳ್ಳಾರಿ ಕೋಟೆ ಕಟ್ಟಿದ ಫ್ರೆಂಚ್ ಇಂಜಿನಿಯರ್‌ನ ಹೈದರ್ ನೇಣು ಹಾಕ್ಸಿದ, ಎದುರಿನ ಕುಂಬಾರ ಗುಡ್ಡ ಕೋಟೆಗಿಂತ ಎತ್ತರ ಐತೆ ಅಂತ ಅವನು ಮೊದ್ಲೇ ನೋಡ್ಲಿಲ್ಲ ಅಂತ. ಆ ಕತೆ ಕೆಳಗಿನ ಮನೆ ಅಜ್ಜಿಗೆ ಹೇಳ್ದೆ, ನಕ್ಕೂ ನಕ್ಕೂ ಸುಸ್ತಾದ್ರು. ಆಮೇಲೆ ನಮ್ ತಾತ ಹುಟ್ಟಿದ್ದು ಮದ್ರಾಸ್ ಸರ್ಕಾರದಲ್ಲಿ, 1953ರ ಅಕ್ಟೋಬರ್ 1ಕ್ಕೆ ಮೈಸೂರಿನೋರಾದ್ರು, 1973ಕ್ಕೆ ಕರ್ನಾಟಕದೋರು, ಮನೆ ಮಾತ್ರ ಬಳ್ಳಾರಿ ಕೌಲ್ ಬಜಾರಲ್ಲೇ ಅಂದೆ. "ಹಂಗಾದ್ರೆ ಅವರು ನಮ್ ಜನಾನೇ" ಅಂದ್ರು.

ಮದ್ರಾಸ್ ಅಂತ ಇರೋ ನಿಮ್ಮ ಹಳೇ ಸರ್ಟಿಫಿಕೇಟ್ ಟ್ರಂಕಲ್ಲಿ ಐತಲ್ಲ, ತಂಗಿ ಕೈಲಿ ಅದರ ಫೋಟೋ ತೆಗ್ಸಿ ವಾಟ್ಸಾಪ್ ಮಾಡ್ಸಿ. ಕೆಳಗಿನ ಮನೆ ಅಜ್ಜಿಗೆ ತೋರಿಸ್ತೀನಿ ಅಂತ ಹೇಳ್ಬಿಟ್ಟಿದೀನಿ.

ನಿಮ್ಮ ಮೊಮ್ಮಗ